ಮೂರನೇ ಸಾಲಿನ ಪಾತಿ

ಅಜ್ಜಿಯ ಇಷ್ಟಲಿಂಗವನ್ನು ತೋಟದ ಕೆಸರಿನಿಂದ ಹುಡುಕಿ ತೆಗೆದವನು ನಾನೇ ಎಂದು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಹೇಳಿಕೊಂಡು ಬಂದಿದ್ದೇನೆ. ಮದುವೆಯ ಹೊಸತರಲ್ಲಿ ಹೆಂಡತಿಗೆ ಹೇಳಿದೆ, ಆಮೇಲೆ ಮಕ್ಕಳಿಗೆ ಹೇಳಿದೆ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವಾಗ ಗಂಟೆ ಹೊಡೆಯಲು ಐದು ನಿಮಿಷ ಉಳಿದರೆ ವಿದ್ಯಾರ್ಥಿಗಳಿಗೂ ಹೇಳಿದ್ದುಂಟು. ಈಗ ಅದನ್ನೇ ಬರೆಯಲು ಕೂತರೆ ಕೈ ತಡೆಯುತ್ತದೆ. ಬೆರಳಿಗೆ ತಾಗಿದ ತಣ್ಣನೆಯ ಗುಂಡು ಕಲ್ಲು, ಅದಕ್ಕೆ ಅಂಟಿಕೊಂಡಿದ್ದ ಒದ್ದೆ ಬಟ್ಟೆ, ಉಗುರಿನೊಳಗೆ ಹೊಕ್ಕ ಕೆಮ್ಮಣ್ಣು ಎಲ್ಲವೂ ನೆನಪಿದೆ. ಆದರೆ ಇಷ್ಟು ಸ್ಪಷ್ಟವಾಗಿ ನೆನಪಿರುವುದೇ ನನಗೆ ಅನುಮಾನ ಹುಟ್ಟಿಸುತ್ತದೆ. ಹತ್ತು ಸಲ ಹೇಳಿದ ಕತೆ ಹನ್ನೊಂದನೆಯ ಸಲಕ್ಕೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಕಂಡದ್ದನ್ನು ಹೇಳುತ್ತಿದ್ದೇನೋ, ಹೇಳಿ ಹೇಳಿ ಕಾಣುವಂತಾಯಿತೋ, ಈಗ ಬಿಡಿಸಲಾರೆ. ಆ ದಿನ ಏನು ನಡೆಯಿತು ಎಂಬುದರಲ್ಲಿ ನನಗೆ ಗೊತ್ತಿರುವುದು ಯಾವುದು, ಗೊತ್ತಿಲ್ಲದ್ದು ಯಾವುದು ಎಂದು ಬೇರೆಬೇರೆಯಾಗಿ ಇಡಲು ಪ್ರಯತ್ನಿಸುತ್ತೇನೆ.

ನಮ್ಮ ಮನೆ ಅರಸೀಕೆರೆಯ ಪೇಟೆಯಲ್ಲಿತ್ತು. ಮುಂದೆ ಕೊಬ್ಬರಿ ಅಂಗಡಿ, ಹಿಂದೆ ಮನೆ, ಮೇಲೆ ಅಟ್ಟ. ಅಟ್ಟದ ತುಂಬ ಸಿಪ್ಪೆ ಸಮೇತ ಪೇರಿಸಿಟ್ಟ ತೆಂಗಿನಕಾಯಿ. ಒಳಗಿನ ನೀರು ತಾನಾಗಿ ಇಂಗಿ ಕಾಯಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಆ ವರ್ಷವೆಲ್ಲ ನಾವು ಅದರ ಕೆಳಗೇ ಉಣ್ಣುತ್ತಿದ್ದೆವು, ಓದುತ್ತಿದ್ದೆವು, ಮಲಗುತ್ತಿದ್ದೆವು. ಗೂಡ್ಸ್ ರೈಲು ಬಂದು ನಿಂತಾಗ ಬಂಡಿಗೆ ಬಂಡಿ ತಾಗುವ ಸದ್ದು ಸ್ಟೇಷನ್ನಿನಿಂದ ಕೇಳುತ್ತಿತ್ತು. ಒಮ್ಮೊಮ್ಮೆ ಅಟ್ಟದಲ್ಲೂ ಒಂದೆರಡು ಕಾಯಿ ಉರುಳಿ ಉತ್ತರ ಕೊಡುತ್ತಿದ್ದವು. ನಡುಮನೆಯಲ್ಲಿ ಸಿಪ್ಪೆಯ ಒಗರು ವಾಸನೆ, ಅಡುಗೆಮನೆಯಲ್ಲಿ ಹೊಗೆ ಮತ್ತು ಬೆಲ್ಲದ ವಾಸನೆ, ದೇವರ ಮನೆಯಲ್ಲಿ ವಿಭೂತಿ ವಾಸನೆ. ಕಣ್ಣು ಮುಚ್ಚಿಕೊಂಡು ಬಿಟ್ಟರೂ ಯಾವ ಕೋಣೆಯಲ್ಲಿದ್ದೇನೆಂದು ಹೇಳಬಲ್ಲವನಾಗಿದ್ದೆ. ಅಜ್ಜಿ ವಾರಕ್ಕೊಮ್ಮೆ ಏಣಿ ಹತ್ತಿ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಒಳಗೆ ನೀರು ತುಳುಕಿದರೆ ಒಂದು ಕಡೆ, ಗೊಟಕ್ಕೆಂದರೆ ಇನ್ನೊಂದು ಕಡೆ. ಅವಳು ತಪ್ಪಿದ್ದನ್ನು ಯಾರೂ ನೋಡಿರಲಿಲ್ಲ ಎಂದು ಅಪ್ಪಾಜಿ ಹೇಳುತ್ತಿದ್ದರು. ಅವಳು ತಪ್ಪಿದ್ದನ್ನು ನೋಡುವಷ್ಟು ಕಾಯಿ ಯಾರೂ ಒಡೆದಿರಲಿಲ್ಲ ಎಂದು ಚಿಕ್ಕಪ್ಪ ಹೇಳುತ್ತಿದ್ದರು. ಅಣ್ಣತಮ್ಮಂದಿರ ಜಗಳಗಳೆಲ್ಲ ಸಾಮಾನ್ಯವಾಗಿ ಹೀಗೇ ಶುರುವಾಗುತ್ತಿದ್ದವು.

ಮನೆಯಲ್ಲಿ ನಿಯಮಗಳು ಬಹಳ ಇದ್ದವು. ಎಲ್ಲಕ್ಕೂ ಮೇಲಿನದು ಒಂದೇ: ಲಿಂಗಪೂಜೆ ಆಗದೆ ಬಾಯಿಗೆ ಏನೂ ಹಾಕುವಂತಿಲ್ಲ. ನಮಗೆ ಮಕ್ಕಳಿಗೆ ಇದರಲ್ಲಿ ರಿಯಾಯಿತಿ ಇತ್ತು. ಅಜ್ಜಿಗೆ ಇರಲಿಲ್ಲ, ಅವಳಿಗೆ ಬೇಕಾಗಿಯೂ ಇರಲಿಲ್ಲ. ಬೆಳಗ್ಗೆ ಮಿಂದು ಒದ್ದೆ ಕೂದಲಲ್ಲೇ ಕೂತು, ಕೊರಳಿನ ಬೆಳ್ಳಿ ಕರಡಿಗೆಯ ಮುಚ್ಚಳ ತೆಗೆದು, ಒಳಗಿದ್ದ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಕಪ್ಪಗೆ ಮಿರುಗುವ, ನೇರಳೆ ಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಗುಂಡು. ಅವಳು ಅದನ್ನು ನೋಡುತ್ತ ಕೂತ ಆ ಅರ್ಧ ಗಂಟೆ ಮನೆಯಲ್ಲಿ ಯಾರೂ ಜೋರಾಗಿ ಪಾತ್ರೆ ಇಡುತ್ತಿರಲಿಲ್ಲ. ಅವಳಿಗೆ ಅದು ಆರೇಳು ವರ್ಷದ ಹುಡುಗಿಯಾಗಿದ್ದಾಗ ಕಟ್ಟಿದ ಲಿಂಗ. ಅಂದಿನಿಂದ ಒಂದು ಗಳಿಗೆಯೂ ಮೈಬಿಟ್ಟು ಹೋಗಿರಲಿಲ್ಲ ಎಂದು ಅವಳೇ ಹೇಳುತ್ತಿದ್ದಳು. ಅಕಸ್ಮಾತ್ ಹೋದರೆ ಸಿಗುವವರೆಗೂ ಅನ್ನ ನೀರು ಮುಟ್ಟುವಂತಿಲ್ಲ, ಉಗುಳು ಸಹ ನುಂಗುವಂತಿಲ್ಲ.

ಬೇಸಿಗೆ ರಜೆಯಲ್ಲಿ ಒಂದು ದಿನ ಅಂಗಡಿಗೆ ಬೀಗ ಹಾಕಿ ಇಡೀ ಮನೆ ಕಣಕಟ್ಟೆಯ ತೋಟಕ್ಕೆ ಹೋಗುತ್ತಿದ್ದೆವು. ಯಾವ ಹಬ್ಬವೂ ಅಲ್ಲ, ಪೂಜೆಯೂ ಅಲ್ಲ. ಸುಮ್ಮನೆ ಹೋಗಿ, ಉಂಡು, ಮರದ ಕೆಳಗೆ ಮಲಗಿ ಬರುವುದು. ಅಂಗಡಿಯ ಮಾತು ಆಡಿದವರಿಗೆ ಹೋಳಿಗೆ ಇಲ್ಲ ಎಂದು ಅಪ್ಪಾಜಿಯೇ ಕಾನೂನು ಮಾಡಿದ್ದರು. ಪ್ರತಿ ವರ್ಷ ಮೊದಲು ಮುರಿಯುತ್ತಿದ್ದವರೂ ಅವರೇ. ಹಗರೆಯಿಂದ ಅಪ್ಪಾಜಿಯ ತಂಗಿ, ನಮ್ಮ ಅತ್ತೆ, ಹಿಂದಿನ ದಿನವೇ ಒಂದು ಕ್ಯಾನು ಮೊಸರು ಹಿಡಿದು ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ಮನೆಯಲ್ಲಿ ಎಂಟು ಹಸು. ಪೇಟೆಯ ಮೊಸರನ್ನು ಅವಳು ಮೊಸರೆಂದೇ ಒಪ್ಪುತ್ತಿರಲಿಲ್ಲ. ಅಮ್ಮ ಮುಂಜಾನೆಯೇ ಎದ್ದು ಕಾಯಿ ಹೋಳಿಗೆ, ಚಿತ್ರಾನ್ನ, ಬದನೆಕಾಯಿ ಎಣ್ಣೆಗಾಯಿ ಮಾಡಿ ಬಿದಿರು ಬುಟ್ಟಿಗಳಿಗೆ ತುಂಬುತ್ತಿದ್ದಳು. ಬಾಡಿಗೆ ವ್ಯಾನು ಬಂದು ಹಾರನ್ ಹೊಡೆಯುತ್ತಿತ್ತು. ಆ ವರ್ಷ ನನಗೆ ಏಳೋ ಎಂಟೋ. ವ್ಯಾನು ಹತ್ತುವ ಮುಂಚೆ ನಡೆದ ಮಾತು ಮಾತ್ರ ಮನೆಯ ಎಲ್ಲರಿಗೂ ಒಂದೇ ತರಹ ನೆನಪಿದೆ, ಏಕೆಂದರೆ ಅದರ ಮೇಲೆ ಆಮೇಲೆ ಬಹಳ ಜಗಳವಾಯಿತು. ಅತ್ತೆ ಅಜ್ಜಿಯ ಕೊರಳು ನೋಡಿ ಹೇಳಿದಳು:

“ಅವ್ವ, ಬೆಳ್ಳಿ ಕರಡಿಗೆ ಯಾಕೆ ತೋಟಕ್ಕೆ? ಆಳುಕಾಳು ಹತ್ತು ಜನ ಓಡಾಡ್ತಾರೆ. ಪಾವಡದಲ್ಲಿ ಸುತ್ತಿ ಕಟ್ಕೊ ಸಾಕು.”

“ಅದೂ ಸರೀನೆ,” ಎಂದು ಅಜ್ಜಿ ಒಳಗೆ ಹೋಗಿ, ಕರಡಿಗೆಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಲಿಂಗವನ್ನು ಪಾವಡದಲ್ಲಿ, ಎಂದರೆ ಬಿಳಿ ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ ಕೊರಳಿಗೆ ಹಾಕಿಕೊಂಡು ಬಂದಳು. ನಮ್ಮಂಥ ಮನೆಯವರು ಮಾತ್ರ ಮಾಡಬಹುದಾದ ತಪ್ಪು ಅದು. ಬೆಳ್ಳಿ ಜೋಪಾನವಾಯಿತು.

ತೋಟದಲ್ಲಿ ಪಂಪ್‌ಸೆಟ್ಟಿನ ಮನೆ, ಅದರ ಮುಂದೆ ಬಟ್ಟೆ ಒಗೆಯುವ ದೊಡ್ಡ ಚಪ್ಪಡಿ. ದಪ್ಪ ಪೈಪಿನಿಂದ ನೀರು ಆ ಚಪ್ಪಡಿಯ ಮೇಲೆ ಧುಮುಕಿ ಮಣ್ಣಿನ ಕಾಲುವೆಗೆ ಇಳಿದು, ಅಲ್ಲಿಂದ ಸಾಲು ಸಾಲಾಗಿ ತೆಂಗಿನ ಬುಡದ ಪಾತಿಗಳಿಗೆ ಹೋಗುತ್ತಿತ್ತು. ಒಂದು ಸಾಲು ತುಂಬಿದ ಮೇಲೆ ಅದರ ಬಾಯಿಗೆ ಮಣ್ಣು ಕೊಟ್ಟು ಮುಂದಿನ ಸಾಲಿನ ಬಾಯಿ ಬಿಡಿಸಬೇಕು. ಅದನ್ನು ಮಡೆ ತಿರುಗಿಸುವುದು ಎನ್ನುತ್ತಾರೆ. ಆ ಕೆಲಸ ಕೆಂಪಮ್ಮನದು. ಊರಾಚೆಯ ಕೇರಿಯವಳು. ಅವಳೂ ಅವಳ ಗಂಡ ತಿಮ್ಮಯ್ಯನೂ ತೋಟ ನೋಡಿಕೊಳ್ಳುತ್ತಿದ್ದರು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸಲಿಕೆ ಹಿಡಿದು, ಅವಳು ಕಾಲುವೆಯ ಉದ್ದಕ್ಕೂ ಓಡಾಡುತ್ತಿದ್ದರೆ ಅವಳ ಹಿಂದೆ ಅವಳ ಮಗಳು ಸುಜಾತ. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವಳು. ರಜೆಯೆಂದು ಅವಳೂ ತೋಟಕ್ಕೆ ಬಂದಿದ್ದಳು. ನಾವು ಆಡಲು, ಅವಳು ತಾಯಿಯ ಜೊತೆ ಕೆಲಸಕ್ಕೆ.

ಅಂದು ಬೆಳಗ್ಗೆ ಎಲ್ಲವೂ ಸಲೀಸಾಗಿತ್ತು. ಚಿಕ್ಕಪ್ಪ ರೇಡಿಯೊವನ್ನು ಮರದ ಕೊಂಬೆಗೆ ನೇತು ಹಾಕಲು ಹೋಗಿ, ತೆಂಗಿಗೆ ಕೊಂಬೆ ಎಲ್ಲಿ ಎಂದು ಅಮ್ಮನ ಕೈಲಿ ನಗೆಪಾಟಲಾದರು. ತಿಮ್ಮಯ್ಯ ಎಳನೀರು ಇಳಿಸಿದ. ಕುಡಿದು ಒಡೆದ ಬುರುಡೆಯ ಗಂಜಿಯನ್ನು ಅದರದೇ ಸಿಪ್ಪೆಯ ಚಮಚದಲ್ಲಿ ಬಳಿದು ತಿಂದೆವು. ನನ್ನ ಅಕ್ಕ ಗಿರಿಜ ಮಣ್ಣಿನಲ್ಲಿ ಚೌಕಾಬಾರದ ಮನೆ ಬರೆದು ಹುಣಸೆಬೀಜ ಹಾಕಿದಳು. ಅಪ್ಪಾಜಿ ಚಾಪೆಯ ಮೇಲೆ ಅಂಗಿ ಬಿಚ್ಚಿ ಮಲಗಿದ್ದರು. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಯಾವಾಗಲೂ ನೆಟ್ಟಗೆ ಕೂರುವ ಆ ಮನುಷ್ಯನ ಹೊಟ್ಟೆ ಹಾಗೆ ಮೇಲೆ ಕೆಳಗೆ ಆಗುವುದನ್ನು ನೋಡಲು ನಮಗೆ ವರ್ಷಕ್ಕೊಂದೇ ಅವಕಾಶ. ತೋಟದ ಗಾಳಿಯಲ್ಲಿ ಗರಿಗಳು ಒಂದಕ್ಕೊಂದು ಉಜ್ಜುತ್ತಿದ್ದವು. ಮಾಡಬೇಕಾದದ್ದು ಏನೂ ಇಲ್ಲದ ಹೊತ್ತು ಎಷ್ಟು ದೊಡ್ಡದಿರುತ್ತದೆಂದು ನನಗೆ ತಿಳಿದದ್ದು ಅಲ್ಲಿ. ಆಮೇಲೆ ಬೇಕಾದಷ್ಟು ಊರು ಸುತ್ತಿದ್ದೇನೆ, ಅಂಥ ಬೆಳಗು ಮತ್ತೆ ಸಿಕ್ಕಿಲ್ಲ. ಹೀಗೆ ಬರೆಯುವಾಗಲೂ ಕೇಳಿಕೊಳ್ಳುತ್ತೇನೆ: ಇದೆಲ್ಲ ಆ ವರ್ಷದ್ದೇನೋ, ಹಿಂದುಮುಂದಿನ ಮೂರು ನಾಲ್ಕು ವರ್ಷಗಳದ್ದು ಸೇರಿ ಒಂದು ದಿನವಾಗಿದೆಯೋ.

ಅಜ್ಜಿಗೆ ತೋಟದಲ್ಲಿ ಒಂದೇ ಆಸೆ, ಪಂಪಿನ ನೀರಿಗೆ ಕೂರುವುದು. ಸೀರೆಯುಟ್ಟೇ ಚಪ್ಪಡಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪೈಪಿನ ನೀರನ್ನು ನೇರ ನೆತ್ತಿಯ ಮೇಲೆ ಬಿಟ್ಟುಕೊಳ್ಳುತ್ತಿದ್ದಳು. ಉಸಿರು ಕಟ್ಟಿದಾಗ ತಲೆ ಹೊರಗೆ ತೆಗೆದು ಬಾಯಿ ತುಂಬ ನಗುತ್ತಿದ್ದಳು. ಆ ನಗು ಪೇಟೆಯ ಮನೆಯಲ್ಲಿ ಕೇಳಿಸುತ್ತಿರಲಿಲ್ಲ. ಎಪ್ಪತ್ತು ದಾಟಿದ ಹೆಂಗಸು ಹುಡುಗಿಯ ಹಾಗೆ ಕಿರುಚುವುದನ್ನು ನೋಡಿ ನಾವು ಚಪ್ಪಾಳೆ ತಟ್ಟುತ್ತಿದ್ದೆವು.

“ಸಾಕು ಏಳವ್ವ, ನೆಗಡಿ ಆಯ್ತದೆ,” ಎಂದಳು ಅತ್ತೆ.

“ವರ್ಷಕ್ಕೊಂದ್ಸಲ ಕಣೇ. ಇನ್ನೊಂದ್ ಗಳಿಗೆ ಇರು,” ಎಂದಳು ಅಜ್ಜಿ.

ಎದ್ದು, ಪಂಪಿನ ಮನೆಯಲ್ಲಿ ಸೀರೆ ಬದಲಿಸಿ, ಊಟಕ್ಕೆ ಮುಂಚಿನ ಪೂಜೆಗೆಂದು ಚಾಪೆಯ ಮೇಲೆ ಕೂತು, ಕೊರಳಿಗೆ ಕೈ ಹಾಕಿದಳು. ಕೈಗೆ ಬರಿಯ ಒದ್ದೆ ದಾರ ಬಂತು. ಗಂಟು ಬಿಚ್ಚಿಕೊಂಡಿತ್ತು. ಅವಳು ಕೂಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಹಾಗೇ ಕೂತಳು. ಮೊದಲು ನೋಡಿದ್ದು ಅಮ್ಮ. ಅಮ್ಮ ಕೂಗಿದಳು.

ಆಮೇಲಿನ ಗಲಾಟೆಯನ್ನು ಕ್ರಮವಾಗಿ ಹೇಳಲಾರೆ. ಪಂಪು ನಿಲ್ಲಿಸಿದರು. ಚಿಕ್ಕಪ್ಪ ಚಪ್ಪಡಿಯ ಸುತ್ತ ಮಣ್ಣನ್ನೆಲ್ಲ ಕೈಯಲ್ಲಿ ಬಗೆದರು. ಅಪ್ಪಾಜಿ ಅಂಗಿ ಹಾಕಿಕೊಳ್ಳುವುದನ್ನೂ ಮರೆತು ಕಾಲುವೆಯ ಮೊದಲ ಹತ್ತು ಮಾರು ದೂರ ಬಗ್ಗಿ ನಡೆದರು. ಬಾಳೆ ಎಲೆ ಹಾಸಿ ಆಗಿತ್ತು, ಹೋಳಿಗೆಯ ಬುಟ್ಟಿಯ ಬಾಯಿ ತೆಗೆದಿತ್ತು. ಅಮ್ಮ ಸುಮ್ಮನೆ ಅದನ್ನು ಮತ್ತೆ ಮುಚ್ಚಿದಳು. ಅಜ್ಜಿ ಬಾಯಿಂದ ಸೆರಗು ತೆಗೆದು, ಪಕ್ಕಕ್ಕೆ ಉಗಿದು, ನಮ್ಮ ಕಡೆ ಕೈ ತೋರಿಸಿದಳು.

“ಕೂಸುಗಳಿಗೆ ಬಡ್ಸು.”

“ನೀವು ಹಿಂಗೆ ಕೂತಿರುವಾಗ ಹೆಂಗತ್ತೆ ಬಡಿಸ್ಲಿ?” ಎಂದಳು ಅಮ್ಮ, ಅಳುತ್ತ. ಬಡಿಸಲಿಲ್ಲ. ಹೊಟ್ಟೆ ಹಸಿದಿತ್ತು ಎಂಬುದು ನನಗೆ ಖಂಡಿತವಾಗಿ ನೆನಪಿದೆ. ಹಸಿವಿನ ನೆನಪಿಗೆ ಯಾರೂ ಬಣ್ಣ ಹಚ್ಚುವುದಿಲ್ಲ.

ಬಿಸಿಲು ನೆತ್ತಿಗೆ ಬಂತು. ಬೆಳಗ್ಗೆ ಒಂದು ಲೋಟ ಕಾಫಿ ಕುಡಿದವಳು ಅಜ್ಜಿ. ಹಿಂದಿನ ತಿಂಗಳಷ್ಟೇ ಜ್ವರದಿಂದ ಎದ್ದವಳು. ತುಟಿ ಒಣಗಿ ಬೆಳ್ಳಗಾಗಿತ್ತು. ಚಿಕ್ಕಪ್ಪ ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತರು.

“ಅವ್ವ, ಒಂದು ಮಾತು ಕೇಳು. ಮಠಕ್ಕೆ ಹೇಳಿ ಕಳಿಸ್ತೀನಿ. ಅಯ್ಯನೋರು ಬಂದು ಇನ್ನೊಂದು ಲಿಂಗ ಕಟ್ತಾರೆ. ಶಾಸ್ತ್ರದಲ್ಲೇ ಐತಂತೆ. ಅಲ್ಲಿಗಂಟ ಒಂದು ಗುಟುಕು ನೀರು...”

“ಇನ್ನೊಂದಾ? ನೀನು ಸಂತೇಲಿ ಕಳದೋದ್ರೆ ಇನ್ನೊಬ್ಬ ಮಗನ್ನ ತಂದು ಸಾಕ್ಕೊಳ್ಲೇನ್ಲಾ?” ಎಂದಳು ಅಜ್ಜಿ.

ಅಪ್ಪಾಜಿ ಮಾತ್ರ ತಂಗಿಯ ಕಡೆ ತಿರುಗಿದರು. “ಯಾರು ಕರಡಿಗೆ ಬಿಚ್ಚಿಸಿದ್ದು? ನಿನ್ನ ಬೆಳ್ಳಿ ಬುದ್ಧಿ ನೋಡು!”

“ನಾನು ಒಳ್ಳೇದಕ್ಕೇ ಹೇಳಿದ್ದು ಕಣಣ್ಣ. ಪಾವಡದ ಗಂಟು ಸಡಿಲ ಕಟ್ಟು ಅಂದ್ನಾ?”

“ಜಗಳ ನಿಲ್ಸಿ. ನಾನಿನ್ನೂ ಸತ್ತಿಲ್ಲ,” ಎಂದಳು ಅಜ್ಜಿ. ಮತ್ತೆ ಸೆರಗು ಬಾಯಿಗೆ ಹೋಯಿತು.

ಅಪ್ಪಾಜಿ ತಿಮ್ಮಯ್ಯನನ್ನು ಕರೆದು, ಸೈಕಲ್ ಕೊಟ್ಟು, ಮಠಕ್ಕೆ ಹೋಗಿ ಅಯ್ಯನವರನ್ನು ಕೇಳಿಕೊಂಡು ಬರಲು ಕಳಿಸಿದರು. ಅವನು ಪ್ಯಾಂಟಿನಂಥ ದೊಗಲೆ ಚಡ್ಡಿಯಲ್ಲಿ ಪೆಡಲಿನ ಮೇಲೆ ಎದ್ದು ನಿಂತು ತುಳಿಯುತ್ತ ಹೋದದ್ದು ನನ್ನ ಕಣ್ಣ ಮುಂದಿದೆ. ಅವನು ತಿರುಗಿ ಬಂದದ್ದು ನನ್ನ ನೆನಪಿನಲ್ಲಿ ಇಲ್ಲವೇ ಇಲ್ಲ. ಕೆಂಪಮ್ಮ ಸಲಿಕೆ ಊರಿಕೊಂಡು ದೂರದಲ್ಲಿ ನಿಂತಿದ್ದಳು. ಹುಡುಕು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಹುಡುಕಬೇಡ ಎಂದೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಂಥವನ್ನು ಹೇಳುವ ಅಗತ್ಯ ಆಗ ಇರಲಿಲ್ಲ.

ಇನ್ನು ಮುಂದಿನದು ನಾನು ಇಷ್ಟು ವರ್ಷ ಹೇಳುತ್ತ ಬಂದ ಭಾಗ. ಬಿಸಿಲು ಇಳಿಯುವ ಹೊತ್ತು. ನಾನೊಬ್ಬನೇ ಮೂರನೇ ಸಾಲಿಗೆ ಹೋದೆ. ಒಂದು ತೆಂಗಿನ ಬುಡದ ಪಾತಿಯಲ್ಲಿ ಇಂಗುತ್ತಿದ್ದ ಕೆಸರಿಗೆ ಕೈ ಹಾಕಿದೆ. ಬೇರಿನ ಸಂದಿಯಲ್ಲಿ ಬಟ್ಟೆ ಸಿಕ್ಕಿತು, ಬಟ್ಟೆಯೊಳಗೆ ತಣ್ಣನೆಯ ಗುಂಡು. ಎರಡೂ ಕೈಯಲ್ಲಿ ಹಿಡಿದು ಓಡಿದೆ. ಅಜ್ಜಿ ನನ್ನ ಅಂಗೈ ನೋಡಿದಳು, ಮುಖ ನೋಡಿದಳು.

“ಯಾರ್ಲಾ ಮಂಜ ಹುಡುಕಿದ್ದು?”

“ನಾನೇ.”

ಈ ಒಂದು ಪದ ನಾನು ಆಡಿದೆ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಅಪ್ಪಾಜಿ, ಬೇರೆಯವರ ಕೈ ತಾಗಿದರೆ ಅಯ್ಯನವರು ಶುದ್ಧಿ ಮಾಡಿಕೊಡದೆ ಧರಿಸುವ ಹಾಗಿಲ್ಲವಲ್ಲ, ಮಗುವಾದರೆ ಹೇಗೆ ಎಂದು ಏನೋ ರಾಗ ಎಳೆದರು. “ನಮ್ಮ ಕೂಸಿನ ಕೈ ಕಣೋ, ಅದಕ್ಕೇನು ದೋಷ?” ಎಂದು ಅಜ್ಜಿ ಅವರ ಬಾಯಿ ಮುಚ್ಚಿಸಿದಳು. ಲಿಂಗವನ್ನು ತೊಳೆದು, ವಿಭೂತಿ ಹಚ್ಚಿ, ಕಣ್ಣಿಗೆ ಒತ್ತಿಕೊಂಡಳು. ಅವತ್ತಿನ ಪೂಜೆ ಬೇಗ ಮುಗಿಯಿತು. ಆಮೇಲೆ ಒಂದು ಚೊಂಬು ನೀರನ್ನು ಎತ್ತಿ ಗಟಗಟನೆ ಕುಡಿದಳು. ಗಂಟಲಿನ ಮಣಿ ಮೇಲೆ ಕೆಳಗೆ ಓಡುವುದನ್ನು ನಾವೆಲ್ಲ ಸಾಲಾಗಿ ನಿಂತು ನೋಡಿದೆವು. ಸಂಜೆ ಹೊತ್ತಿಗೆ ಊಟ. ಚಿತ್ರಾನ್ನ ಹಳಸಲು ಶುರುವಾಗಿತ್ತು, ಯಾರೂ ಬೈಯಲಿಲ್ಲ. ಅಜ್ಜಿ ತನ್ನ ಎಲೆಯ ಹೋಳಿಗೆಯಲ್ಲಿ ಅರ್ಧ ಮುರಿದು ನನ್ನ ಬಾಯಿಗೆ ಇಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ನಾನು ‘ಲಿಂಗ ಹುಡುಕಿದ ಹುಡುಗ’. ಪರೀಕ್ಷೆಗೆ ಹೋಗುವಾಗ, ನೌಕರಿಗೆ ಸೇರುವಾಗ, ‘ಅವನ ಕಣ್ಣಿಗೆ ಸಿಗದೇ ಇರೋದು ಯಾವುದು’ ಎನ್ನುತ್ತಿದ್ದರು. ನಾನು ನಂಬಿದೆ. ಎಂಟು ವರ್ಷದವನಿಗೆ ಹೀಗೆ ಹೇಳಿದರೆ ಅವನು ಏನಾದರೂ ಹುಡುಕುವವನೇ ಆಗುತ್ತಾನೆ. ನಾನು ಪ್ರಯೋಗಾಲಯ ಸೇರಿದ್ದರ ಹಿಂದೆ ಆ ಮಧ್ಯಾಹ್ನವಿದೆ ಎಂದು ನನಗೆ ಅನ್ನಿಸುತ್ತದೆ.

ಅನುಮಾನ ಬಿತ್ತಿದವಳು ಗಿರಿಜಕ್ಕ. ಹೋದ ವರ್ಷ ಅವಳ ಮನೆಯಲ್ಲಿ ಮೊಮ್ಮಕ್ಕಳಿಗೆ ಈ ಕತೆ ಹೇಳುತ್ತಿದ್ದೆ. ಅವಳು ಬಟಾಣಿ ಬಿಡಿಸುತ್ತ ಕೂತಿದ್ದವಳು ತಲೆಯೆತ್ತಿದಳು.

“ಸುಳ್ಳ ಕಣೋ ನೀನು. ಇಡೀ ಮಧ್ಯಾಹ್ನ ಹೋಳಿಗೆ ಬೇಕು ಅಂತ ವ್ಯಾನಿನ ಹಿಂದೆ ಅಳ್ತಾ ಕೂತಿದ್ದೆ. ನಾನೇ ಸಮಾಧಾನ ಮಾಡ್ತಿದ್ದೆ. ಆಮೇಲೆ ನೀನು ಕಾಲುವೆ ಕಡೆ ಹೋದೆ, ಹೋಗಿ ಐದು ನಿಮಿಷಕ್ಕೆ ಹಿಡ್ಕೊಂಡು ಬಂದೆ. ಅದು ಹೆಂಗೆ ಸಿಕ್ತು ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ.”

ನನಗೂ ಅರ್ಥವಾಗಲಿಲ್ಲ. ತೋಟದಲ್ಲಿ ಇನ್ನೂರು ಮರ, ಇನ್ನೂರು ಪಾತಿ. ದೊಡ್ಡವರು ಗಂಟೆಗಟ್ಟಲೆ ಚಪ್ಪಡಿಯ ಸುತ್ತಲೇ ಹುಡುಕಿದ್ದರು, ಏಕೆಂದರೆ ಕಲ್ಲು ಬಿದ್ದಲ್ಲೇ ಮುಳುಗುತ್ತದೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಬಟ್ಟೆ ಸುತ್ತಿದ ಪುಟ್ಟ ಗುಂಡನ್ನು ಪಂಪಿನ ರಭಸ ಎಷ್ಟು ದೂರ ಬೇಕಾದರೂ ಉರುಳಿಸಿಕೊಂಡು ಹೋಗಬಹುದು. ಎಲ್ಲಿಗೆ ಎಂಬುದು ಆ ಗಳಿಗೆಯಲ್ಲಿ ಮಡೆ ಯಾವ ಸಾಲಿಗೆ ತಿರುಗಿತ್ತು ಎಂಬುದರ ಮೇಲೆ ನಿಂತಿದೆ. ಅಜ್ಜಿ ನೀರಿಗೆ ಕೂತಾಗ ಯಾವ ಸಾಲಿನ ಬಾಯಿ ಬಿಟ್ಟಿತ್ತು, ಆ ಸಾಲಿನಲ್ಲಿ ನೀರು ಎಷ್ಟನೇ ಮರ ಮುಟ್ಟಿತ್ತು ಎಂದು ಪೇಟೆಯ ಹುಡುಗನಿಗೆ ಗೊತ್ತಿರಲು ಸಾಧ್ಯವಿಲ್ಲ. ಗೊತ್ತಿದ್ದದ್ದು ಆ ತೋಟದಲ್ಲಿ ಒಬ್ಬಳಿಗೆ ಮಾತ್ರ.

ಕೆಂಪಮ್ಮ ಈಗಿಲ್ಲ, ತಿಮ್ಮಯ್ಯನೂ ಇಲ್ಲ. ಮಗಳು ಸುಜಾತ ಹೈಸ್ಕೂಲು ಟೀಚರಾಗಿ, ಹಳೇಬೀಡಿನಲ್ಲೇ ನಿವೃತ್ತರಾಗಿ ಅಲ್ಲೇ ಮನೆ ಕಟ್ಟಿಕೊಂಡಿದ್ದಾರೆ ಎಂದು ತೋಟ ನೋಡಿಕೊಳ್ಳುವ ಚಿಕ್ಕಪ್ಪನ ಮಗ ಹೇಳಿದ. ಬಸ್ಸು ಹತ್ತಿ ಹೋದೆ. ಕೆರೆಯ ಕಡೆಗೆ ಬಾಗಿಲಿರುವ ಮನೆ. ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಕೆಂಪಮ್ಮನ ಚಿತ್ರ. ಸುಜಾತ ಟೀ ತಂದಿಟ್ಟರು. ಸಾಕ್ಷಿಯ ಬಾಯಿಗೆ ನಾವೇ ಉತ್ತರ ತುರುಕಬಾರದೆಂದು ನಾನು ಓದಿಕೊಂಡವನು. ಹಾಗಾಗಿ ನಮ್ಮಜ್ಜಿಯ ಲಿಂಗ ಕಳೆದ ದಿನ ನಿಮಗೆ ನೆನಪಿದೆಯೇ ಎಂದಷ್ಟೇ ಕೇಳಿದೆ.

“ಅದನ್ನ ಕೇಳೋಕೆ ಇಷ್ಟು ವರ್ಷ ಬೇಕಾಯ್ತಾ ಸಾರ್?” ಎಂದು ನಕ್ಕರು. “ಅಮ್ಮಾರು ನೀರಿಗೆ ಕೂತಾಗ ನಮ್ಮವ್ವ ಮೂರನೇ ಸಾಲಿಗೆ ಮಡೆ ತಿರುಗಿಸಿದ್ಲು. ನಾನೇ ಹೋಗಿ ಬಾಯಿ ಬಿಡಿಸಿದ್ದೆ. ಅವ್ವಂಗೆ ಮೊದಲಿಂದಾನೂ ಅಂದಾಜಿತ್ತು. ಆದ್ರೆ ಕೈ ಹಾಕಿ ತಡಕದೆ ಸಿಗೋ ವಸ್ತುನಾ ಅದು? ನಾವು ಮುಟ್ಟಿದ್ರೆ ಏನಾಗುತ್ತೆ ಅಂತ ಸುಮ್ಮನೆ ನಿಂತಿದ್ಲು. ಆಮೇಲೆ ಅಪ್ಪ ಮಠದಿಂದ ತಿರುಗಿ ಬಂದ. ಅಯ್ಯನೋರು ಊರಲ್ಲಿಲ್ಲ, ಇನ್ನೂ ಎರಡು ದಿನ ಬರಲ್ಲ ಅಂತ ನಿಮ್ಮ ತಂದೆ ಹತ್ರ ಹೇಳಿದ್ದು ಅವ್ವನ ಕಿವಿಗೆ ಬಿತ್ತು. ತಕ್ಷಣ ಸಲಿಕೆ ಬಿಸಾಕಿ ಸಾಲಿಗೆ ಇಳಿದ್ಲು. ನಾಲ್ಕನೇ ಪಾತೀಲಿ ಸಿಕ್ತು. ನೀವು ಅಳ್ತಾ ಅಲ್ಲಿಗೆ ಬಂದ್ರಿ. ನಿಮ್ಮ ಕೈಗೆ ಇಟ್ಟು ಅವ್ವ ಅಂದಿದ್ದು ನಂಗೆ ಚೆನ್ನಾಗಿ ನೆನಪೈತೆ. ‘ಚಿಕ್ಕ ಬುದ್ಯೋರೆ, ನೀವೇ ಹುಡುಕಿದ್ದು ಅಂತ ಹೇಳ್ಬೇಕು. ನಾ ಮುಟ್ಟಿದೆ ಅಂದ್ರೆ ಅಯ್ಯನೋರು ಬರಗಂಟ ನಿಮ್ಮಜ್ಜಿ ನೀರು ಕುಡಿಯಾಕಿಲ್ಲ’ ಅಂದ್ಲು.”

ನಾನು ಟೀ ಲೋಟವನ್ನು ಕೆಳಗಿಟ್ಟೆ. ಆ ಮಾತಿನ ಒಂದು ಅಕ್ಷರವೂ ನನ್ನ ನೆನಪಿನಲ್ಲಿರಲಿಲ್ಲ. ಈಗಲೂ ಇಲ್ಲ.

“ದೊಡ್ಡೋಳಾದ ಮೇಲೆ ನಾನು ಅವ್ವನ ಜೊತೆ ಜಗಳ ಆಡಿದ್ದೆ,” ಎಂದರು ಸುಜಾತ. “ಯಾಕೆ ಮುಚ್ಚಿಟ್ಟೆ, ನಾನೇ ತೆಗೆದೆ ಅಂತ ಎದುರಿಗೆ ನಿಂತು ಹೇಳ್ಬೇಕಾಗಿತ್ತು ಅಂತ. ಅವ್ವ ಅಂದ್ಲು, ‘ಮುದುಕಿ ಬಾಯಾರಿ ಕೂತಿತ್ತು ಕಣೇ. ಮೊದ್ಲು ನೀರು ಕುಡೀಲಿ, ನ್ಯಾಯ ಆಮೇಲೆ ಕೇಳಿದ್ರಾಯ್ತು.’”

“ಆಮೇಲೆ ಕೇಳಿದರಾ?”

“ಯಾರನ್ನ ಕೇಳೋದು ಸಾರ್? ಸಂಜೆ ಎಲೇಲಿ ಕಟ್ಟಿ ಹೋಳಿಗೆ ಕೊಟ್ರು. ಕಾಲುವೆ ಏರಿ ಮೇಲೆ ಕೂತು ತಿಂದ್ವಿ. ಹೋಳಿಗೆ ಚೆನ್ನಾಗಿತ್ತು.”

ಕೆರೆಯ ಕಡೆಯಿಂದ ಗಾಳಿ ಬರುತ್ತಿತ್ತು. ಹೊರಗೆ ದೇವಸ್ಥಾನ ನೋಡಲು ಬಂದವರ ಬಸ್ಸೊಂದು ಹಿಂದಕ್ಕೆ ಬರುತ್ತ ಕಿರ್ ಕಿರ್ ಅನ್ನುತ್ತಿತ್ತು. ಸುಜಾತ ಇನ್ನೊಂದು ಲೋಟ ಟೀ ತರಲೇ ಎಂದು ಕೇಳಿದರು, ತಂದರು. ತಪ್ಪಾಯಿತು ಎನ್ನಲು ನಾನು ಎರಡು ಸಲ ಬಾಯಿ ತೆರೆದೆ. ಯಾರ ಪರವಾಗಿ, ಎಷ್ಟರ ಮಟ್ಟಿಗೆ ಎಂದು ತಿಳಿಯದೆ ಮುಚ್ಚಿದೆ. ಕೊನೆಗೆ, ಇದನ್ನು ಹೀಗೆಯೇ ಬರೆಯುತ್ತೇನೆ ಎಂದೆ. “ಅವ್ವನ ಹೆಸರು ಹಾಕಿ,” ಎಂದರು ಅವರು. ಹಾಕಿದ್ದೇನೆ.

ಆದರೂ ಬಸ್ ಸ್ಟ್ಯಾಂಡಿಗೆ ನಡೆಯುವಾಗ ಹಳೆಯ ರೋಗ ಶುರುವಾಯಿತು. ಸುಜಾತ ಹೇಳಿದ್ದು ಅವರ ನೆನಪು. ಒಂದು ನೆನಪನ್ನು ಇನ್ನೊಂದು ನೆನಪಿನಿಂದ ಅಳೆದರೆ ಅಳತೆಯಾಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರ ಮಾತು ನನಗೆ ತೀರ ಅನುಕೂಲವಾಗಿತ್ತು. ಆ ‘ನಾನೇ’ ಎಂಬುದನ್ನು ಅದು ಸುಳ್ಳಿನಿಂದ ಬಿಡಿಸಿ, ಹೇಳಿದ ಮಾತು ಕೇಳಿದ ಹುಡುಗನ ವಿಧೇಯತೆಯನ್ನಾಗಿ ಮಾಡುತ್ತಿತ್ತು. ನನಗೆ ಅನುಕೂಲವಾದದ್ದನ್ನು ನಾನು ಎರಡು ಪಟ್ಟು ಅನುಮಾನಿಸುತ್ತೇನೆ. ಕೆಂಪಮ್ಮ ನನ್ನ ಕಿವಿಯಲ್ಲಿ ಏನೆಂದಳು ಎಂಬುದಕ್ಕೆ ಇನ್ನು ಪುರಾವೆ ಸಿಗುವುದಿಲ್ಲ. ಆದರೆ ಆ ಮಾತಿನಲ್ಲಿ ಪರೀಕ್ಷಿಸಬಹುದಾದ ಸಂಗತಿ ಒಂದಿತ್ತು. ಅಯ್ಯನವರು ಅಂದು ಊರಿನಲ್ಲಿದ್ದಿದ್ದರೆ ಒಂದೆರಡು ಗಂಟೆಯಲ್ಲಿ ಶುದ್ಧಿಯಾಗುತ್ತಿತ್ತು, ಕೆಂಪಮ್ಮ ತನ್ನ ಕೈಯನ್ನು ಬಚ್ಚಿಡಲು ಕಾರಣವೇ ಇರುತ್ತಿರಲಿಲ್ಲ. ಇರಲಿಲ್ಲವಾದರೆ ಅಜ್ಜಿ ಆ ಬಿಸಿಲಿನಲ್ಲಿ, ಆ ವಯಸ್ಸಿನಲ್ಲಿ, ಹನಿ ನೀರಿಲ್ಲದೆ ಕಾಯಬೇಕಾಗುತ್ತಿತ್ತು. ಕಾಯುತ್ತಿದ್ದಳು, ಅದರಲ್ಲಿ ನನಗೆ ಅನುಮಾನವಿಲ್ಲ.

ಅಲ್ಲಿಂದ ಹಗರೆ ದೂರವಿಲ್ಲ. ಅತ್ತೆಗೆ ಈಗ ತೊಂಬತ್ತರ ಹತ್ತಿರ, ಕಣ್ಣು ಮಂದ, ಮಾತು ಚುರುಕು. ಹಜಾರದಲ್ಲಿ ಡೈರಿಗೆ ಹೋಗುವ ಹಾಲಿನ ಕ್ಯಾನುಗಳ ಪಕ್ಕ ಕೂತಿದ್ದಳು. ನಾನು ಸುಜಾತರ ಹೆಸರೆತ್ತಲಿಲ್ಲ, ಕೆಂಪಮ್ಮನ ಹೆಸರೆತ್ತಲಿಲ್ಲ. ಕರಡಿಗೆಯ ವಿಷಯ ಬಂದರೆ ಇವತ್ತಿಗೂ ಅವಳು ರೇಗುತ್ತಾಳೆ, ಅದನ್ನೂ ಬಿಟ್ಟೆ. ಅಜ್ಜಿಯ ಲಿಂಗ ಕಳೆದ ದಿನ ಮಠಕ್ಕೆ ಆಳು ಕಳಿಸಿದ್ದರಲ್ಲ, ಅಯ್ಯನವರು ಏನು ಹೇಳಿ ಕಳಿಸಿದರು ಎಂದಷ್ಟೇ ಕೇಳಿದೆ.

“ಎಲ್ಲಿದ್ರು ಅಯ್ಯನೋರು ಹೇಳಿ ಕಳ್ಸಾಕೆ?” ಎಂದಳು ಅತ್ತೆ. “ಮಠಕ್ಕೆ ಬೀಗ ಕಣೋ. ಯಾರ್ದೋ ಮನೆ ಒಕ್ಕಲಿಗೆ ಅಂತ ದೂರ ಹೋಗಿದ್ರು. ಅವ್ವಂಗೆ ಹೇಳ್ಬ್ಯಾಡ, ಎದೆ ಒಡ್ಕೊಂಡಾಳು ಅಂತ ನಿಮ್ಮಪ್ಪ ನನ್ ಕೈಲಿ ಆಣೆ ಹಾಕಿಸ್ಕೊಂಡಿದ್ದ. ಬಂದಿದ್ದು ಮೂರನೇ ದಿನ ಸಾಯಂಕಾಲ. ನಂಗೆ ಹೆಂಗೆ ಗೊತ್ತು ಅಂದ್ರೆ, ಹೊಸ ಶಿವದಾರ ಹಾಕಿಸ್ಬೇಕು ಅಂತ ಅವ್ವ ಹಠ ಹಿಡಿದಿದ್ಲು, ನಾನು ಊರಿಗೆ ಹೋಗೋದು ಬಿಟ್ಟು ಅವ್ರು ಬರಗಂಟ ಕಾದು, ನಾನೇ ಕರ್ಕೊಂಡು ಹೋಗಿದ್ದೆ.”

ಒಬ್ಬರನ್ನೊಬ್ಬರು ನಲವತ್ತು ವರ್ಷದಿಂದ ನೋಡದ ಇಬ್ಬರು ಒಂದೇ ಮಾತು ಹೇಳಿದ್ದಾರೆ. ಆ ದಿನದ ಬಗ್ಗೆ ನಾನು ಪರೀಕ್ಷಿಸಿ ಖಚಿತಪಡಿಸಿಕೊಂಡದ್ದು ಇದೊಂದೇ: ಮಠದ ಬಾಗಿಲಿಗೆ ಬೀಗ ಹಾಕಿತ್ತು, ಅದು ತೆರೆದದ್ದು ಮೂರನೆಯ ದಿನ ಸಾಯಂಕಾಲ.